ಐವತ್ತೈದು ಲಾಕ್‌ಗಳನ್ನು ತಪ್ಪಿಸಿಕೊಂಡ ದೋಣಿ

ಪ್ರವಾಸ ಕಥನಗಳನ್ನು ಓದುವಾಗ ಲೇಖಕ ಏನೇನು ನೋಡಿದ ಎಂದು ನಾವು ಕೇಳುತ್ತೇವೆ. ಅವನಿಗೆ ಹಾಗೆ ನೋಡಲು ಬಿಡುವು ಎಲ್ಲಿಂದ ಬಂತು, ಅವನು ನೋಡುತ್ತಿದ್ದಾಗ ಯಾರು ದುಡಿಯುತ್ತಿದ್ದರು ಎಂದು ಕೇಳುವುದು ಅಪರೂಪ. ಯುರೋಪಿನ ಹಳೆಯ ಕಾಲುವೆಗಳಲ್ಲಿ ದೋಣಿಯೇರಿ ಹೋದವರ ಪುಸ್ತಕಗಳನ್ನು ಈಚೆಗೆ ಮತ್ತೆ ಓದಿದಾಗ ಈ ಎರಡನೆಯ ಪ್ರಶ್ನೆ ನಮ್ಮನ್ನು ಕಾಡಿತು. ಶರತ್ಕಾಲದ ಮಂಜು, ದಡದ ಮರಗಳ ಹಣ್ಣೆಲೆ, ನಿಧಾನವಾಗಿ ಜರುಗುವ ನೀರು ಇವೆಲ್ಲ ಈ ಪುಸ್ತಕಗಳಲ್ಲಿ ಧಾರಾಳವಾಗಿವೆ. ಅವುಗಳ ನಡುವೆ ಬಡವರೂ ಇದ್ದಾರೆ. ಅವರು ಹೇಗೆ ಇದ್ದಾರೆ ಎಂಬುದೇ ಇಲ್ಲಿನ ಚರ್ಚೆ.

ಇಲ್ಲಿ ಮೂರು ಪುಸ್ತಕಗಳಿವೆ. ರಾಬರ್ಟ್ ಲೂಯಿ ಸ್ಟೀವನ್‌ಸನ್ ಬರೆದ 'ಆನ್ ಇನ್‌ಲ್ಯಾಂಡ್ ವೊಯೇಜ್' (1878), ಎಲ್.ಟಿ.ಸಿ. ರೋಲ್ಟ್ ಬರೆದ 'ನ್ಯಾರೋ ಬೋಟ್' (1944) ಮತ್ತು ಎಮ್ಮಾ ಸ್ಮಿತ್ ಬರೆದ 'ಮೇಡನ್ಸ್ ಟ್ರಿಪ್' (1948). ನಮ್ಮ ಮಾತು ಹೆಚ್ಚಾಗಿ ಮೊದಲನೆಯದರ ಸುತ್ತ ಇರುತ್ತದೆ. ಏಕೆಂದರೆ ಅದರಲ್ಲಿರುವ ವೈರುಧ್ಯ ಬಹಳ ದೊಡ್ಡದು, ಮತ್ತು ಆ ವೈರುಧ್ಯದಲ್ಲೇ ಅದರ ಸತ್ಯವೂ ಅಡಗಿದೆ.

ಪುಸ್ತಕಕ್ಕೆ ಹೋಗುವ ಮುನ್ನ ಲಾಕ್ ಎಂದರೇನು ಎಂದು ಹೇಳಿಬಿಡಬೇಕು. ಕಾಲುವೆಯ ನೀರು ಗುಡ್ಡ ಹತ್ತಲಾರದು. ಆದ್ದರಿಂದ ಏರು ಬಂದಲ್ಲಿ ಕಾಲುವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತಾರೆ. ಒಂದೊಂದು ಮೆಟ್ಟಿಲಿನಲ್ಲೂ ಕಲ್ಲು ಅಥವಾ ಇಟ್ಟಿಗೆಯ ಒಂದು ತೊಟ್ಟಿ, ಅದರ ಎರಡು ತುದಿಗೂ ದೊಡ್ಡ ಬಾಗಿಲು. ದೋಣಿ ಕೆಳಗಿನಿಂದ ತೊಟ್ಟಿಯೊಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನ ತೂಬು ಎತ್ತಿ ನೀರು ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಏರುತ್ತದೆ. ಎರಡೂ ಕಡೆಯ ನೀರು ಸಮವಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಚೀನಾದ ಮಹಾಕಾಲುವೆಯಲ್ಲಿ 984ರಲ್ಲೇ ಛಿಯಾವೊ ವೆಯ್‌ಯುವೆ ಎಂಬ ಅಧಿಕಾರಿ ಇಂಥ ಲಾಕ್ ಕಟ್ಟಿಸಿದ್ದ. ಉಪಾಯ ಸರಳ. ಆದರೆ ತೂಬನ್ನು ಯಾರೋ ಎತ್ತಬೇಕು, ಬಾಗಿಲಿನ ಮರದ ತೊಲೆಗೆ ಯಾರೋ ಬೆನ್ನು ಕೊಟ್ಟು ತಳ್ಳಬೇಕು, ಒದ್ದೆ ಹಗ್ಗವನ್ನು ಯಾರೋ ಹಿಡಿದು ನಿಲ್ಲಬೇಕು. ಕಾಲುವೆ ಪ್ರಯಾಣದಲ್ಲಿ ಸುಖಕ್ಕೂ ಶ್ರಮಕ್ಕೂ ಮುಖಾಮುಖಿ ಆಗುವ ಜಾಗವೇ ಈ ಲಾಕ್.

ಸ್ಟೀವನ್‌ಸನ್‌ನನ್ನು ನಮ್ಮ ಓದುಗರು 'ಟ್ರೆಷರ್ ಐಲ್ಯಾಂಡ್' ಕಾದಂಬರಿಯಿಂದ ಬಲ್ಲರು. ಅದಕ್ಕೂ ಮೊದಲು ಪ್ರಕಟವಾದ 'ಆನ್ ಇನ್‌ಲ್ಯಾಂಡ್ ವೊಯೇಜ್' ಅವನ ಮೊದಲ ಪುಸ್ತಕ. 1876ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಬೇಸಿಗೆ ಕಳೆದು ಮಳೆ ಹಿಡಿಯುವ ದಿನಗಳಲ್ಲಿ, ಅವನು ಮತ್ತು ಗೆಳೆಯ ವಾಲ್ಟರ್ ಸಿಂಪ್ಸನ್ ಎರಡು ಪುಟ್ಟ ದೋಣಿಗಳಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪ್‌ನಿಂದ ಫ್ರಾನ್ಸಿನ ಪೊಂತ್ವಾಸ್‌ಗೆ ಹೋದರು. ದೋಣಿಗಳ ಹೆಸರು 'ಅರಿತ್ಯೂಸಾ' ಮತ್ತು 'ಸಿಗರೆಟ್'. ಪುಸ್ತಕದಲ್ಲಿ ಗೆಳೆಯರಿಬ್ಬರಿಗೂ ಅವೇ ಹೆಸರುಗಳು. ಆಗ ಸ್ಟೀವನ್‌ಸನ್‌ಗೆ 25 ವರ್ಷ. ತಂದೆ ದೀಪಸ್ತಂಭಗಳನ್ನು ಕಟ್ಟುವ ಹೆಸರಾಂತ ಎಂಜಿನಿಯರ್. ಸಿಂಪ್ಸನ್ ಬ್ಯಾರೊನೆಟ್ ಪದವಿಯುಳ್ಳವನು. ಕ್ಲೋರೋಫಾರಂ ಬಳಕೆಯನ್ನು ರೂಢಿಗೆ ತಂದ ವೈದ್ಯನ ಮಗ. ಅಂದರೆ ಇಬ್ಬರಿಗೂ ಹೊಟ್ಟೆಪಾಡಿನ ಅವಸರವಿರಲಿಲ್ಲ.

ವಿಲ್ಲೆಬ್ರೂಕ್ ಕಾಲುವೆಯಲ್ಲಿ ಬ್ರಸೆಲ್ಸ್ ಕಡೆ ಹೋಗುವಾಗ ಸ್ಟೀವನ್‌ಸನ್ ಸರಕಿನ ದೋಣಿಗಳನ್ನು ಮನಸಾರೆ ಹೊಗಳುತ್ತಾನೆ. ವ್ಯಾಪಾರದ ಸಾಧನಗಳಲ್ಲೆಲ್ಲ ಇದಕ್ಕಿಂತ ಮುದ ಕೊಡುವುದು ಇನ್ನೊಂದಿಲ್ಲವೆಂದು ಅವನ ಅಭಿಪ್ರಾಯ. ದೋಣಿಯವನು ತನ್ನ ಮನೆಯ ಜೊತೆಗೇ ಊರೂರು ತಿರುಗುತ್ತಾನೆ, ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಅವನ ಹಡಗಿಗೆ ಅವನೇ ಒಡೆಯ. ಮುಂದೆ ಸಾಂಬ್ರ್–ಒವಾಸ್ ಕಾಲುವೆಯಲ್ಲಿ ಹೂಕುಂಡ, ಪಂಜರದ ಹಕ್ಕಿ ಇಟ್ಟುಕೊಂಡ ಸಂಸಾರಗಳನ್ನು ನೋಡಿ ಅವನ ಆಸೆ ಇನ್ನಷ್ಟು ಬೆಳೆಯುತ್ತದೆ. ಗೆಳೆಯರಿಬ್ಬರೂ ಆಮೇಲೆ ಒಂದು ಸರಕಿನ ದೋಣಿಯನ್ನು ಕೊಂಡು, ಅದರಲ್ಲೇ ಮುದಿತನ ಕಳೆಯುವ ಕನಸು ಕಂಡರು.

ಈ ಹೊಗಳಿಕೆಯ ಮಗ್ಗುಲಲ್ಲಿ ಪುಸ್ತಕದ ಇನ್ನೊಂದು ಮಾತನ್ನು ಇಟ್ಟು ನೋಡಬೇಕು. ಬ್ರಸೆಲ್ಸ್‌ನಿಂದ ಶಾರ್ಲೆರುವಾವರೆಗಿನ ಕಾಲುವೆಯಲ್ಲಿ 55 ಲಾಕ್‌ಗಳಿವೆ ಎಂದು ಗೊತ್ತಾದಾಗ ಇಬ್ಬರೂ ಏನು ಮಾಡಿದರು? ದೋಣಿಗಳ ಸಮೇತ ರೈಲು ಹತ್ತಿದರು! ಅಷ್ಟು ಲಾಕ್ ದಾಟುವುದೆಂದರೆ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆದಂತೆಯೇ, ದಡದ ಮಕ್ಕಳು ನಕ್ಕಾರು ಎಂದು ತಮಾಷೆಯಾಗಿ ಬರೆದು ಅವನು ಮುಂದಕ್ಕೆ ಹೋಗುತ್ತಾನೆ. ನಮಗೆ ನಗು ಬರಲಿಲ್ಲ. ಅದೇ ತಿಂಗಳಲ್ಲಿ, ಅದೇ ಕಾಲುವೆಯಲ್ಲಿ, ಕಲ್ಲಿದ್ದಲು ತುಂಬಿದ ದೋಣಿಗಳು ಆ 55 ಲಾಕ್‌ಗಳನ್ನು ಒಂದೊಂದಾಗಿ ದಾಟುತ್ತಿದ್ದವು. ಆ ಕಾಲದ ಬೆಲ್ಜಿಯಂ, ಫ್ರಾನ್ಸ್‌ಗಳಲ್ಲಿ ದೋಣಿಗಳನ್ನು ದಡದಿಂದ ಎಳೆಯುತ್ತಿದ್ದುದು ಕುದುರೆಗಳು. ಕುದುರೆ ಇಡಲಾಗದ ಬಡ ದೋಣಿಯವರಲ್ಲಿ ಗಂಡ, ಹೆಂಡತಿ, ಮಕ್ಕಳೇ ಎದೆಗೆ ಪಟ್ಟಿ ಕಟ್ಟಿಕೊಂಡು ಎಳೆಯುವುದೂ ಇತ್ತು. ಅವರಿಗೆ ರೈಲಿನ ಆಯ್ಕೆ ಇರಲಿಲ್ಲ. ಒಡೆಯನೆಂದು ಹೊಗಳಿಸಿಕೊಂಡವನು ಲಾಕ್ ದಾಟಿದ; ಹೊಗಳಿದವನು ತಪ್ಪಿಸಿಕೊಂಡ.

ಇದು ಒಂದು ನೂರು ವರ್ಷ ಕಳೆದ ಮೇಲೆ ನಾವು ಹೊರಿಸುತ್ತಿರುವ ಆರೋಪವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಸ್ಟೀವನ್‌ಸನ್ ದೋಣಿ ಹತ್ತುವ ಹಿಂದಿನ ವರ್ಷ, 1875ರಲ್ಲಿ, ಇಂಗ್ಲೆಂಡಿನಲ್ಲಿ ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ 'ಅವರ್ ಕೆನಾಲ್ ಪಾಪ್ಯುಲೇಶನ್' ಎಂಬ ಪುಸ್ತಕ ಪ್ರಕಟಿಸಿದ್ದ. ಇಟ್ಟಿಗೆ ಭಟ್ಟಿಗಳ ಬಾಲ ಕಾರ್ಮಿಕರ ಪರ ಹೋರಾಡಿದ್ದ ಈತ ಕಾಲುವೆ ದೋಣಿಗಳ ಒಳಗನ್ನು ಓದುಗರ ಮುಂದೆ ತೆರೆದಿಟ್ಟ. ಅಲ್ಲಿನ ದೋಣಿಯ ಅಗಲ ಸುಮಾರು ಏಳು ಅಡಿ. ಸರಕಿಗೆ ಜಾಗ ಬಿಟ್ಟು ಹಿಂದಿನ ತುದಿಯಲ್ಲಿ ಉಳಿಯುವ ಒಂದು ಗೂಡಿನಲ್ಲಿ ಇಡೀ ಸಂಸಾರ. ಶಾಲೆಯ ಮುಖ ಕಾಣದ ಮಕ್ಕಳು, ರೋಗ ಬಂದರೆ ಗಾಳಿಯಿಲ್ಲದ ಜಾಗ. ಸ್ಮಿತ್‌ನ ಬರಹದಲ್ಲಿ ಉತ್ಪ್ರೇಕ್ಷೆ ಇದೆಯೆಂದು ಮುಂದಿನ ಇತಿಹಾಸಕಾರರು ತಕರಾರು ತೆಗೆದಿದ್ದಾರೆ. ದೋಣಿಯ ಜನರನ್ನು ಅವನು ಅನಾಗರಿಕರಂತೆ ತೋರಿಸಿದ ಎಂಬುದು ನಿಜವೂ ಹೌದು. ಆದರೂ ಅವನ ಒತ್ತಾಯದಿಂದಲೇ 1877ರಲ್ಲಿ ಕಾಲುವೆ ದೋಣಿಗಳ ಕಾಯ್ದೆ ಬಂತು, 1884ರಲ್ಲಿ ತಿದ್ದುಪಡಿಯಾಯಿತು. ಅದರ ಮರುವರ್ಷ, 1878ರಲ್ಲಿ, ಸ್ಟೀವನ್‌ಸನ್‌ನ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಯುರೋಪಿನ ದೋಣಿಗಳು ಇಂಗ್ಲೆಂಡಿನವಕ್ಕಿಂತ ದೊಡ್ಡವು, ಅಲ್ಲಿ ಸಂಸಾರಕ್ಕೆ ಹೆಚ್ಚು ಜಾಗವಿತ್ತು ಎಂಬ ವ್ಯತ್ಯಾಸವನ್ನು ಒಪ್ಪೋಣ. ಆದರೂ ದೋಣಿಯವನ ಬದುಕಿನ ಬಗ್ಗೆ ದೇಶದಲ್ಲೇ ಇಂಥ ಚರ್ಚೆ ನಡೆಯುತ್ತಿದ್ದಾಗ, ಅವನನ್ನು ಲೋಕದ ಸುಖಿಗಳ ಸಾಲಿನಲ್ಲಿ ಕೂರಿಸಲು ದಡದಿಂದ ನೋಡಿದರಷ್ಟೇ ಸಾಧ್ಯ.

ಇಷ್ಟೇ ಆಗಿದ್ದರೆ ಈ ಪುಸ್ತಕವನ್ನು ಬದಿಗಿಡಬಹುದಿತ್ತು. ಹಾಗೆ ಮಾಡಲಾಗದಂತೆ ತಡೆಯುವ ಇನ್ನೊಂದು ಕಥನ ಅದರೊಳಗೇ ಇದೆ.

ಫ್ರಾನ್ಸಿನ ಪೊಂ-ಸುರ್-ಸಾಂಬ್ರ್ ಎಂಬ ಹಳ್ಳಿಗೆ ಇಬ್ಬರೂ ಸಂಜೆಗತ್ತಲಲ್ಲಿ ಬರುತ್ತಾರೆ. ಒದ್ದೆ ಬಟ್ಟೆ, ಕೈಯಲ್ಲಿ ರಬ್ಬರ್ ಚೀಲ. ಊರವರು ಇವರನ್ನು ತಲೆಹೊರೆ ವ್ಯಾಪಾರಿಗಳೆಂದು ತಿಳಿಯುತ್ತಾರೆ. ಒಂದು ಸಣ್ಣ ಹೆಂಡದಂಗಡಿಯ ಅಟ್ಟದಲ್ಲಿ ಮಲಗಲು ಜಾಗ ಸಿಗುತ್ತದೆ. ಅಷ್ಟರಲ್ಲಿ ಕತ್ತೆಗಾಡಿಯೊಂದಿಗೆ ನಿಜವಾದ ಒಬ್ಬ ವ್ಯಾಪಾರಿ ಹೆಂಡತಿ ಮಗನೊಡನೆ ಅಲ್ಲಿಗೆ ಬರುತ್ತಾನೆ. ಅವನಿಗೆ ಸಿಗುವ ಮರ್ಯಾದೆ ಇವರಿಗೆ ಸಿಕ್ಕಿದ್ದಕ್ಕಿಂತ ಒಂದು ಕೈ ಹೆಚ್ಚು! ವ್ಯಾಪಾರಿಗಳ ಲೋಕದಲ್ಲೂ ಮೇಲು ಕೀಳಿದೆ, ತಾವು ಅದರ ಕೊನೆಯ ಮೆಟ್ಟಿಲಿನಲ್ಲಿದ್ದೇವೆ ಎಂಬುದನ್ನು ಸ್ಟೀವನ್‌ಸನ್ ಬೆರಗಿನಿಂದ ಬರೆಯುತ್ತಾನೆ. ಆ ವ್ಯಾಪಾರಿಯ ಸಂಸಾರವನ್ನು ಅವನು ಪ್ರೀತಿಯಿಂದ, ಗೌರವದಿಂದ ಚಿತ್ರಿಸುತ್ತಾನೆ. ಸರಕಿನ ದೋಣಿಯವನ ಬಗ್ಗೆ ಬರೆದ ಪುಟಗಳಲ್ಲಿ ಕಾಣದ ಸಮೀಪತೆ ಇಲ್ಲಿದೆ. ಕಾರಣ ಸ್ಪಷ್ಟ: ಅಂದು ರಾತ್ರಿ ಅವರು ಒಂದೇ ಸೂರಿನಡಿ, ಒಂದೇ ಹೆಸರಿನಡಿ ಮಲಗಿದ್ದರು.

ಲಾ ಫೇರ್ ಎಂಬ ಊರಿನಲ್ಲಿ ಇದು ಇನ್ನೂ ಕಟುವಾಗುತ್ತದೆ. ಶರತ್ಕಾಲದ ಸೈನಿಕ ಕವಾಯತಿಗೆ ಮೀಸಲು ಪಡೆಯವರು ಬಂದು ಊರು ತುಂಬಿದೆ. ಮಳೆ ಸುರಿಯುತ್ತಿದೆ. ಒಳ್ಳೆಯ ಊಟದ ಕನಸು ಕಾಣುತ್ತ ಇಬ್ಬರೂ ದೊಡ್ಡ ಹೋಟೆಲಿನ ಅಡುಗೆಮನೆಗೆ ಕಾಲಿಡುತ್ತಾರೆ. ಒಡತಿ ಇವರ ಅವತಾರ ನೋಡಿ, ನಿಮ್ಮಂಥವರಿಗೆ ಊರ ಹೊರಗೆ ಜಾಗ ಸಿಕ್ಕೀತು ಎಂದು ಹೊರಗೆ ಕಳಿಸುತ್ತಾಳೆ. ಜೇಬಿನಲ್ಲಿ ದುಡ್ಡಿದೆ, ಹೊರಗೆ ಮಳೆ ಇದೆ, ಬಾಗಿಲು ಮುಚ್ಚಿದೆ. ಆಗ ಸ್ಟೀವನ್‌ಸನ್ ಬರೆಯುವ ಮಾತುಗಳ ಸಾರ ಇದು: ಮೇಲಿನ ಸ್ತರದಲ್ಲಿ ಎಲ್ಲರ ಸಲಾಮು ತೆಗೆದುಕೊಂಡು ಓಡಾಡುವಾಗ ಸಮಾಜದ ಏರ್ಪಾಡು ಚೆಂದವಾಗಿಯೇ ಕಾಣುತ್ತದೆ; ಒಮ್ಮೆ ಅದರ ಗಾಲಿಗೆ ಸಿಕ್ಕಿದವನಿಗೆ ಅದು ಹಾಳಾಗಿ ಹೋಗಲಿ ಎನಿಸುತ್ತದೆ. ಪೊಲೀಸರ ಕಣ್ಗಾವಲಿನಲ್ಲಿ ಕಳೆದ ಕೆಲವು ಗಂಟೆಗಳು ಅಥವಾ ಹೋಟೆಲಿನ ಬಾಗಿಲಲ್ಲಿ ಆದ ಒಂದು ಅವಮಾನ ಒಂದು ಉಪನ್ಯಾಸ ಮಾಲೆಯಷ್ಟು ಕಲಿಸುತ್ತದೆ. ಕೊನೆಗೆ ಅವರಿಗೆ ಆಶ್ರಯ ಕೊಟ್ಟವರು ಒಂದು ಸಾಧಾರಣ ವಸತಿಯ ದುಡಿಯುವ ದಂಪತಿಗಳು. ಅವರು ತೋರಿದ ಆದರವನ್ನು ಬಿಲ್ಲಿನಲ್ಲಿ ಲೆಕ್ಕ ಹಾಕಲಾಗದು ಎಂದು ಅವನು ನೆನೆಯುತ್ತಾನೆ.

ಈ ಕಥನಕ್ಕೆ ಒಂದು ಅನುಬಂಧವೂ ಇದೆ. 1888ರಲ್ಲಿ ಪತ್ರಿಕೆಯೊಂದಕ್ಕೆ ಬರೆದು, ಆಮೇಲೆ 'ಅಕ್ರಾಸ್ ದ ಪ್ಲೇನ್ಸ್' (1892) ಸಂಕಲನದಲ್ಲಿ ಸೇರಿಸಿದ ಪ್ರಬಂಧ ಅದು. ದೋಣಿ ಪ್ರಯಾಣಕ್ಕೆ ಮುಂಚೆ, ಫ್ರಾನ್ಸಿನಲ್ಲಿ ಕಾಲ್ನಡಿಗೆಯಲ್ಲಿ ತಿರುಗುತ್ತಿದ್ದಾಗ ನಡೆದ ಘಟನೆ. 1870–71ರ ಜರ್ಮನ್ ಯುದ್ಧದಲ್ಲಿ ಸೋತಿದ್ದ ಫ್ರಾನ್ಸ್ ಪರಕೀಯರಲ್ಲೆಲ್ಲ ಗೂಢಚಾರರನ್ನು ಕಾಣುತ್ತಿದ್ದ ಕಾಲ. ಶಾತಿಯೋಂ-ಸುರ್-ಲುವಾರ್ ಎಂಬಲ್ಲಿ ಸ್ಟೀವನ್‌ಸನ್‌ನನ್ನು ತಡೆದು ಕಾಗದಪತ್ರ ಕೇಳುತ್ತಾರೆ. ಅವನಲ್ಲಿ ಕಾಗದವಿಲ್ಲ. ಬಟ್ಟೆ ಅಗ್ಗದ್ದು. ತಲೆಯ ಮೇಲೆ ಜರಿ ಮಾಸಿದ ಒಂದು ಟೋಪಿ; ಅದು ಹಿಂದೂಸ್ತಾನದ ಕಸೂತಿಯದು. ಚೀಲದಲ್ಲಿ ಕವಿತೆಗಳ ಪುಸ್ತಕ, ನಕ್ಷೆ. ಅಧಿಕಾರಿಯ ಅನುಮಾನಕ್ಕೆ ಇಷ್ಟು ಸಾಕಾಯಿತು; ಅವನನ್ನು ನೆಲಮಾಳಿಗೆಯಲ್ಲಿ ಕೂಡಿ ಹಾಕಿದರು. ಸ್ವಲ್ಪ ಹೊತ್ತಿಗೆ ಒಳ್ಳೆಯ ಉಡುಪಿನ, ಪಾಸ್‌ಪೋರ್ಟ್ ಇದ್ದ, ಬ್ಯಾರೊನೆಟ್ ಪದವಿಯ ಸಿಂಪ್ಸನ್ ಬಂದ. ಅಧಿಕಾರಿಯ ದನಿ ಬದಲಾಯಿತು, ಬಾಗಿಲು ತೆರೆಯಿತು.

ಈ ಪುಟಗಳನ್ನು ಓದುವಾಗ ನಮ್ಮ ಓದುಗರಿಗೆ ಯಾವ ಅಡಿಟಿಪ್ಪಣಿಯೂ ಬೇಕಾಗಲಾರದು. ಟೋಪಿ ನೋಡಿ ಕಾಗದ ಕೇಳುವ ಕಣ್ಣು ಯಾವುದು ಎಂದು ಅವರು ಬಲ್ಲರು. ಗ್ರಂಥ ಓದುವವನೂ ನಕ್ಷೆ ಇಟ್ಟುಕೊಂಡವನೂ ಅನುಮಾನಕ್ಕೆ ಗುರಿಯಾಗುವುದು ಹೊಸ ಸಂಗತಿಯಲ್ಲ. ತಲೆಹೊರೆ ವ್ಯಾಪಾರವೂ ನಮಗೆ ದೂರದ್ದಲ್ಲ. ಬಳೆ, ಅತ್ತರು, ಬಟ್ಟೆ ಹೊತ್ತು ಊರೂರು ಅಲೆದ ಅಜ್ಜಂದಿರು ನಮ್ಮ ಅನೇಕ ಮನೆಗಳಲ್ಲಿದ್ದಾರೆ. 2022ರಲ್ಲಿ ಕರ್ನಾಟಕದ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕದಂತೆ ತಡೆದಾಗ, ಊರ ಹೊರಗೆ ಹೋಗಿ ಎಂಬ ಲಾ ಫೇರ್‌ನ ಮಾತನ್ನೇ ನಾವು ಕನ್ನಡದಲ್ಲಿ ಕೇಳಿದೆವು. ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಸ್ಟೀವನ್‌ಸನ್‌ಗೆ ಸಿಂಪ್ಸನ್ ಇದ್ದ. ಅವನ ಅವಮಾನಕ್ಕೆ ಒಂದು ರಾತ್ರಿಯ ಆಯಸ್ಸು.

ಉರ್ದುವಿನಲ್ಲಿ ದಾರಿಯಲ್ಲಿರುವ ಮನುಷ್ಯನಿಗೆ ಹಲವು ಹೆಸರುಗಳಿವೆ. ಮುಸಾಫಿರ್ ಎಂದರೆ ಗೌರವ. ಫೇರಿವಾಲಾ ಎಂದರೆ ಬಾಗಿಲಲ್ಲೇ ವ್ಯವಹಾರ. ಆವಾರಾ ಎಂದರೆ ಅನುಮಾನ. ಸ್ಟೀವನ್‌ಸನ್ ಒಂದೇ ತಿಂಗಳಲ್ಲಿ, ಒಂದೇ ಬಟ್ಟೆಯಲ್ಲಿ ಮೊದಲ ಎರಡೂ ಆದ. ಹಿಂದಿನ ನಡಿಗೆಯಲ್ಲಿ ಮೂರನೆಯದೂ ಆಗಿದ್ದ. ಹೆಸರು ಕೊಡುವ ಅಧಿಕಾರ ಬಾಗಿಲಲ್ಲಿ ನಿಂತವರ ಕೈಯಲ್ಲಿತ್ತು. ಕುರ್‌ಆನ್ ಝಕಾತ್‌ನ ಹಕ್ಕುದಾರರ ಎಂಟು ವರ್ಗಗಳನ್ನು ಹೇಳುವಾಗ ಇಬ್ನುಸ್ಸಬೀಲ್, ಅಂದರೆ ದಾರಿಯ ಮಗ, ಎಂಬ ವರ್ಗವನ್ನೂ ಹೆಸರಿಸುತ್ತದೆ. ಊರಿನಲ್ಲಿ ಅನುಕೂಲಸ್ಥನಾಗಿದ್ದರೂ ದಾರಿಯಲ್ಲಿ ಕೈ ಬರಿದಾದವನು ಇದರಲ್ಲಿ ಬರುತ್ತಾನೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಇಲ್ಲಿ ಮುಖ್ಯವಾದದ್ದು ಹಕ್ಕು ಎಂಬ ಮಾತು. ದಾರಿಹೋಕನಿಗೆ ಕೊಡುವುದು ಕೊಡುವವನ ಮರ್ಜಿಯಲ್ಲ, ಅದು ಅವನಿಗೆ ಸಲ್ಲಬೇಕಾದದ್ದು. ಲಾ ಫೇರ್‌ನ ಬಾಗಿಲಲ್ಲಿ ಸ್ಟೀವನ್‌ಸನ್‌ಗೆ ಬಂದ ಸಿಟ್ಟು ಈ ಹಕ್ಕಿನ ಸಿಟ್ಟು. ಅದನ್ನು ಅವನು ಕೊನೆಯವರೆಗೆ ಹಿಡಿದುಕೊಳ್ಳಲಿಲ್ಲ ಎಂಬುದು ನಮ್ಮ ತಕರಾರು. ಮುಂದಿನ ಅಧ್ಯಾಯಗಳಲ್ಲಿ ಮತ್ತೆ ನದಿ, ಮತ್ತೆ ಚರ್ಚಿನ ಗೋಪುರ, ಮತ್ತೆ ತಿಳಿಹಾಸ್ಯ. ಬಾಗಿಲಲ್ಲಿ ಕಲಿತ ಪಾಠದ ಬೆಳಕಿನಲ್ಲಿ ಅವನು ತನ್ನ ಸುಖಿ ದೋಣಿಯವನನ್ನು ಮತ್ತೊಮ್ಮೆ ನೋಡಲಿಲ್ಲ. ನೋಡಿದ್ದರೆ ಈ ಪುಸ್ತಕ ಇನ್ನೂ ದೊಡ್ಡದಾಗುತ್ತಿತ್ತು.

ಇನ್ನು ರೋಲ್ಟ್. ಇವನು ಲಾಕ್‌ಗಳಿಂದ ತಪ್ಪಿಸಿಕೊಂಡವನಲ್ಲ. ಎಂಜಿನಿಯರಾಗಿದ್ದ ರೋಲ್ಟ್ 'ಕ್ರೆಸ್ಸಿ' ಎಂಬ ಹಳೆಯ ಸರಕಿನ ದೋಣಿಯನ್ನು ಮನೆಯಾಗಿ ಮಾಡಿಕೊಂಡು, 1939ರ ಜುಲೈನಲ್ಲಿ ಹೆಂಡತಿಯೊಡನೆ ಬ್ಯಾನ್‌ಬರಿಯಿಂದ ಹೊರಟ. ದಾರಿಯಲ್ಲಿರುವಾಗಲೇ ಎರಡನೇ ಮಹಾಯುದ್ಧ ಶುರುವಾಯಿತು. ಆ ವರ್ಷದ ಶರತ್ಕಾಲ ಅವನ ಪುಟಗಳಲ್ಲಿ ಒಂದು ಲೋಕದ ಕೊನೆಯ ಹಾಗೆ ಕಾಣುತ್ತದೆ. ದೋಣಿಯ ಮೇಲೆ ಬರೆದ ಗುಲಾಬಿ ಮತ್ತು ಕೋಟೆಯ ಚಿತ್ರ, ಉಜ್ಜಿ ಹೊಳೆಯಿಸಿದ ಹಿತ್ತಾಳೆ, ದೋಣಿಯವರ ಮಾತು, ಉಡುಪು ಎಲ್ಲವನ್ನೂ ಅವನು ಪ್ರೀತಿಯಿಂದ ದಾಖಲಿಸಿದ. ಓದು ಬಾರದ ಜನರ ಜ್ಞಾನವನ್ನು ಜ್ಞಾನವೆಂದೇ ಗುರುತಿಸಿದ್ದು ಅವನ ದೊಡ್ಡತನ. ಪುಸ್ತಕದ ಪರಿಣಾಮವೂ ಸಣ್ಣದಲ್ಲ. ಅದನ್ನು ಓದಿದ ರಾಬರ್ಟ್ ಐಕ್‌ಮನ್ ರೋಲ್ಟ್‌ನನ್ನು ಸಂಪರ್ಕಿಸಿದ. 1946ರಲ್ಲಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಶನ್ ಹುಟ್ಟಿತು. ಮುಚ್ಚಿಹೋಗಲಿದ್ದ ಅನೇಕ ಕಾಲುವೆಗಳು ಉಳಿದವು.

ಆದರೆ ಉಳಿದದ್ದು ಏನು? ದುಡಿಯುವ ದೋಣಿಗಳೂ ಉಳಿಯಬೇಕೆಂದು ರೋಲ್ಟ್ ಬಯಸಿದ್ದ. 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತಾಗ, ಮೊದಲೇ ಸೊರಗಿದ್ದ ಸರಕು ಸಾಗಣೆಗೆ ಕೊನೆಯ ಪೆಟ್ಟು ಬಿತ್ತು. 1968ರ ಸಾರಿಗೆ ಕಾಯ್ದೆ ಅನೇಕ ಕಾಲುವೆಗಳನ್ನು ವಿಹಾರದ ಜಲಮಾರ್ಗಗಳೆಂದು ವರ್ಗೀಕರಿಸಿತು. ಗುಲಾಬಿಯ ಚಿತ್ರ ಉಳಿಯಿತು, ಅದನ್ನು ಮನೆಯ ಬಾಗಿಲಿಗೆ ಬರೆಸಿಕೊಂಡವರು ದಡ ಹತ್ತಿದರು. ಇದಕ್ಕೆ ರೋಲ್ಟ್ ಹೊಣೆಯಲ್ಲ. ಆದರೆ ಜನರನ್ನು ಒಂದು ಚೆಂದದ ಪರಂಪರೆಯಾಗಿ ನೋಡುವ ಕ್ರಮದಲ್ಲಿ ಒಂದು ಅಪಾಯವಿದೆ. ಆ ಜನ ಹೋದ ಮೇಲೂ ಪರಂಪರೆ ಮಾರಾಟವಾಗುತ್ತದೆ.

ಎಮ್ಮಾ ಸ್ಮಿತ್‌ಳ ಪುಸ್ತಕ ಈ ಎರಡಕ್ಕೂ ಬೇರೆ. ಯುದ್ಧಕಾಲದಲ್ಲಿ ಗಂಡಸರ ಕೊರತೆ ತುಂಬಲು ಹೆಂಗಸರಿಗೆ ದೋಣಿ ನಡೆಸುವ ತರಬೇತಿ ಕೊಟ್ಟಿದ್ದರು. 1943ರಲ್ಲಿ ಸೇರಿದ ಈಕೆ ಮಧ್ಯಮ ವರ್ಗದ ಹುಡುಗಿ, ವಯಸ್ಸು ಇಪ್ಪತ್ತರ ಆಸುಪಾಸು. ಮೂವರು ಹುಡುಗಿಯರು ಸೇರಿ ಒಂದು ಜೋಡಿ ದೋಣಿ ನಡೆಸಬೇಕು. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್‌ಗೆ ಉಕ್ಕು, ವಾಪಸು ಬರುವಾಗ ಕವೆಂಟ್ರಿಯಿಂದ ಕಲ್ಲಿದ್ದಲು. ಹಲವು ಅನುಭವಗಳನ್ನು ಒಂದೇ ಪ್ರಯಾಣವಾಗಿ ಹೆಣೆದ ಈ ಕಥನದಲ್ಲಿ ನಿಸರ್ಗ ವರ್ಣನೆಗೆ ಪುರಸತ್ತಿಲ್ಲ. ಮುಂದಿನ ಲಾಕನ್ನು ಅಣಿಗೊಳಿಸಲು ಒಬ್ಬಳು ಸೈಕಲ್ ತುಳಿದು ಮುಂದೆ ಹೋಗಬೇಕು. ಕೈ ಬಿರಿಯುತ್ತದೆ, ಹಸಿವಾಗುತ್ತದೆ, ಜಗಳವಾಗುತ್ತದೆ. ಮಳೆ ಇಲ್ಲಿ ಚಿತ್ರವಲ್ಲ, ಅಂಗಿಯೊಳಗೆ ಇಳಿಯುವ ನೀರು. ದುಡಿದು ದಣಿದ ಮೇಲೆ ಕಂಡ ಒಂದು ಸಂಜೆ ಆಕೆಯ ಪುಟದಲ್ಲಿ ಹೊಳೆಯುವ ರೀತಿ ಸ್ಟೀವನ್‌ಸನ್‌ಗೂ ಸಿಕ್ಕಿಲ್ಲ. ದೋಣಿಯ ಹೆಂಗಸರ ಕಸುಬುಗಾರಿಕೆಯ ಮುಂದೆ ತಾನು ಎಷ್ಟು ಅರೆಬರೆ ಎಂಬುದನ್ನು ಆಕೆ ಮುಚ್ಚಿಡುವುದಿಲ್ಲ.

ಹಾಗೆಂದು ಇದು ದೋಣಿಯವರ ಸ್ವಂತ ದನಿಯಲ್ಲ. ಯುದ್ಧ ಮುಗಿದಾಗ ಆಕೆಗೆ ಮರಳಲು ಮನೆಯಿತ್ತು. ಕಂಪನಿಗಳು ಕೂಲಿ ಕೊಡುತ್ತಿದ್ದುದು ದೋಣಿಯ ಯಜಮಾನನಿಗೆ. ಪಕ್ಕದಲ್ಲಿ ಅಷ್ಟೇ ದುಡಿದ ಹೆಂಡತಿ ಮಕ್ಕಳ ಹೆಸರಿಗೆ ಏನೂ ಇರಲಿಲ್ಲ. ಆ ಹೆಂಡತಿ ಬರೆದ ಪುಸ್ತಕ ನಮ್ಮ ಕೈಯಲ್ಲಿಲ್ಲ. ನಿಲ್ಲದೆ ಸಾಗುವ ಬದುಕಿನಲ್ಲಿ ಅಕ್ಷರ ಕಲಿಯುವ ಅವಕಾಶವೇ ಅವಳಿಗೆ ಸಿಕ್ಕಿರಲಿಲ್ಲ. ಕತೆ ಬರೆಯುವ ನಾವು ಇಲ್ಲಿ ತುಸು ನಿಲ್ಲಬೇಕು. ನಮ್ಮ ಜನರ ಬದುಕನ್ನು ಕನ್ನಡದಲ್ಲಿ ಬರೆಯತೊಡಗಿದಾಗ ನಮಗೂ ಇದೇ ಪ್ರಶ್ನೆ ಎದುರಾಯಿತು: ಬುರ್ಖಾದ ಬಗ್ಗೆ, ಬೀಡಿ ಕಟ್ಟುವ ಬೆರಳುಗಳ ಬಗ್ಗೆ ಬರೆದವರು ಯಾರು, ಆ ಬೆರಳುಗಳು ಬರೆದದ್ದು ಎಷ್ಟು? ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರಂಥವರು ಬರೆಯಲು ಕೂತ ಮೇಲೆ ಒಳಗಿನ ನೋಟ ಎಷ್ಟು ಬೇರೆ ಎಂಬುದು ಕನ್ನಡಕ್ಕೆ ಗೊತ್ತಾಯಿತು. ಇಂಗ್ಲೆಂಡಿನ ಕಾಲುವೆಗೆ ಅಂಥ ಭಾಗ್ಯ ಹೆಚ್ಚು ಒದಗಲಿಲ್ಲ.

ಇದು ಮುಗಿದುಹೋದ ಕಾಲದ ಕತೆಯಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2000 ಮೈಲಿ ಜಲಮಾರ್ಗಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಶರತ್ಕಾಲ ಬಂದರೆ ಬಾಡಿಗೆ ದೋಣಿ ಹಿಡಿದು ಲಾಕ್ ತಿರುಗಿಸುವುದು ಈಗ ಸುಖದ ರಜೆ. ಆ ನೀರಿನ ಮೇಲೆಯೇ ದೋಣಿಯನ್ನೇ ಮನೆ ಮಾಡಿಕೊಂಡು ಬದುಕುವವರೂ ಇದ್ದಾರೆ. ಅವರಲ್ಲಿ ಕೆಲವರು ದಡದ ಮನೆಯ ಬಾಡಿಗೆ ತೆರಲಾಗದವರು. ಖಾಯಂ ತಂಗುದಾಣವಿಲ್ಲದ ದೋಣಿ ಒಂದೇ ಸ್ಥಳದಲ್ಲಿ 14 ದಿನಕ್ಕಿಂತ ಹೆಚ್ಚು ಸತತವಾಗಿ ನಿಲ್ಲುವಂತಿಲ್ಲ ಎಂದು 1995ರ ಕಾಯ್ದೆ ಹೇಳುತ್ತದೆ. 2024ರಿಂದ ಅಂಥ ದೋಣಿಗಳಿಗೆ ಪರವಾನಗಿಯ ಮೇಲೆ ಹೆಚ್ಚುವರಿ ಶುಲ್ಕವೂ ಬಂತು. ನಿರ್ವಹಣೆಗೆ ಹಣ ಬೇಕೆಂಬ ಟ್ರಸ್ಟಿನ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ. ಆದರೂ ಒಂದು ವಾರ ತೇಲಿ ಹೋಗುವವನು ಮುಸಾಫಿರ್, ವರ್ಷವಿಡೀ ತೇಲುವವನು ಬಹುಮಟ್ಟಿಗೆ ಆವಾರಾ ಎಂಬ ಹಳೆಯ ಲೆಕ್ಕ ಇಲ್ಲಿಯೂ ಕೆಲಸ ಮಾಡುತ್ತಿದೆ ಎಂದು ನಮಗೆ ಅನಿಸುತ್ತದೆ.

ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಕೊರತೆಯಿಲ್ಲ. ಕಾರಂತರ 'ಅಪೂರ್ವ ಪಶ್ಚಿಮ'ದಿಂದ ಗೊರೂರರ 'ಅಮೆರಿಕದಲ್ಲಿ ಗೊರೂರು'ವರೆಗೆ ಒಳ್ಳೆಯ ಮಾದರಿಗಳಿವೆ. ಈಗ ಹೊರದೇಶಕ್ಕೆ ಹೋಗಿಬರುವವರೂ ಬರೆಯುವವರೂ ಹೆಚ್ಚಾಗಿದ್ದಾರೆ. ಅವರು 'ಆನ್ ಇನ್‌ಲ್ಯಾಂಡ್ ವೊಯೇಜ್' ಓದಬೇಕು. ಅದರ ಸೊಗಸಾದ ಗದ್ಯಕ್ಕಾಗಿ ಓದಬೇಕು, ಅದಕ್ಕಿಂತ ಹೆಚ್ಚಾಗಿ ಲಾ ಫೇರ್‌ನ ಆ ಮಳೆಯ ರಾತ್ರಿಗಾಗಿ ಓದಬೇಕು. ಓದಿ ಮುಗಿಸಿದ ಮೇಲೆ ತಮ್ಮ ಟಿಪ್ಪಣಿ ಪುಸ್ತಕ ತೆರೆದು, ತಾವು ರೈಲು ಹತ್ತಿ ತಪ್ಪಿಸಿಕೊಂಡ ಲಾಕ್‌ಗಳು ಎಷ್ಟು ಎಂದು ಒಮ್ಮೆ ಎಣಿಸಿ ನೋಡಬೇಕು.